ಮೊಬೈಲೂ ನಮ್ಮ ಓದೂ

(ಬಿ. ಎ. ಅಂತಿಮ ವರ್ಷದ ವಿದ್ಯಾರ್ಥಿ)

ಈ ಲೇಖನವನ್ನು ಒಂದು ತಪ್ಪೊಪ್ಪಿಗೆಯಿಂದಲೇ ಆರಂಭಿಸಬೇಕಾಗಿದೆ. ಮೂರನೆಯ ಸೆಮಿಸ್ಟರಿನಲ್ಲಿ ನಾನು ಇತಿಹಾಸದ ಒಂದು ಪತ್ರಿಕೆಯಲ್ಲಿ ನಪಾಸಾದೆ. ನಪಾಸಾಗುವದು ಲೋಕದಲ್ಲಿ ಹೊಸ ಸಂಗತಿಯೇನೂ ಅಲ್ಲ. ಆದರೆ ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಮ್ಮ ತಂದೆ ಇಳಕಲ್ಲಿನಲ್ಲಿ ಕುಣಿಮಗ್ಗದ ಮೇಲೆ ಸೀರೆ ನೇಯುವವರು. ಸೆಮಿಸ್ಟರು ಎಂದರೇನು ಎಂಬುದು ಅವರಿಗೆ ಗೊತ್ತಿಲ್ಲ. "ಯಾಕೋ ತಮ್ಮಾ, ಪಾಠ ತಿಳೀಲಿಲ್ಲೇನು?" ಎಂದಷ್ಟೇ ಕೇಳಿದರು. "ಪ್ರಶ್ನಿ ಬಾಳ ಬಿರಿ ಬಂದಿದ್ದುವಪ್ಪಾ" ಎಂದು ನಾನು ಹೇಳಿದೆ. ಅದು ಸುಳ್ಳು. ಪ್ರಶ್ನೆಗಳು ಕಠಿಣವಾಗಿರಲಿಲ್ಲ, ನಾನು ಓದಿರಲಿಲ್ಲ. ಓದಬೇಕಾದ ಹೊತ್ತನ್ನೆಲ್ಲ ಅಂಗೈಯೊಳಗಿನ ಮೊಬೈಲು ನುಂಗಿ ಹಾಕಿತ್ತು.

ಇದು ನನ್ನೊಬ್ಬನ ಕಥೆಯಾಗಿದ್ದರೆ ವಾಚಕರ ಸಮಯವನ್ನು ವ್ಯರ್ಥ ಮಾಡುತ್ತಿರಲಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಭಾಗದ ಹಳ್ಳಿಗಳಿಂದ ಬಂದ ನನ್ನ ಸಹಪಾಠಿಗಳೊಡನೆ ಮನಸ್ಸು ಬಿಚ್ಚಿ ಮಾತಾಡಿದಾಗ, ಅವರಲ್ಲಿ ಅನೇಕರು ಇದೇ ದುಃಖವನ್ನು ಬೇರೆ ಬೇರೆ ಮಾತುಗಳಲ್ಲಿ ತೋಡಿಕೊಂಡರು. ಆದ್ದರಿಂದ ಈ ವಿಷಯವನ್ನು ಕುರಿತು ನಾವೇ ಕುಳಿತು ವಿಚಾರಿಸುವದು ಯೋಗ್ಯವೆಂದು ತಿಳಿದು ಲೇಖನಿ ಹಿಡಿದಿದ್ದೇನೆ. ಹಿರಿಯರು ಬೈದು ಹೇಳುವದಕ್ಕಿಂತ ಮೊದಲು ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳುವದು ಲೇಸಲ್ಲವೇ?

ಮೊಬೈಲು ನಮ್ಮ ಮನೆಗಳಿಗೆ ಕಳ್ಳನಂತೆ ಬರಲಿಲ್ಲ. ನಾವೇ ಆದರದಿಂದ ಬರಮಾಡಿಕೊಂಡೆವು. 2016ರ ಸಪ್ಟಂಬರದಲ್ಲಿ ಜಿಯೋ ಬಂದ ಮೇಲೆ ಇಂಟರ್ನೆಟ್ಟು ಬಡವರಿಗೂ ನಿಲುಕುವಂತಾಯಿತು. ಮುಂದೆ 2020ರ ಮಾರ್ಚದಲ್ಲಿ ಕರೋನಾ ರೋಗದ ಮೂಲಕ ಸಾಲೆ-ಕಾಲೇಜುಗಳ ಬಾಗಿಲುಗಳು ಮುಚ್ಚಿದವು. ನಾನು ಆಗ ಒಂಬತ್ತನೆಯ ಇಯತ್ತೆಯಲ್ಲಿದ್ದೆ. ಪಾಠಗಳು ಮೊಬೈಲಿನಲ್ಲಿ ಬರತೊಡಗಿದಾಗ ಮೊದಮೊದಲು ಓಣಿಯ ನಾಲ್ವರು ಹುಡುಗರು ಒಂದೇ ಫೋನಿನ ಸುತ್ತ ತಲೆಗೆ ತಲೆ ತಾಗಿಸಿ ಕೂಡುತ್ತಿದ್ದೆವು. ಕೊನೆಗೆ ನಮ್ಮ ಅವ್ವ ತನ್ನ ಬೆಂಡೋಲೆಗಳನ್ನು ಒತ್ತೆಯಿಟ್ಟು ನನಗೊಂದು ಫೋನು ಕೊಡಿಸಿದಳು. "ಓದಾಕ ಬೇಕಂತ, ಕೊಡಿಸಿಬಿಡೂಣು" ಎಂದು ಅವಳು ತಂದೆಗೆ ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ಆ ಫೋನು ಓದಿನ ಹೆಸರಿನಿಂದ ಮನೆಗೆ ಬಂತು. ಸಾಲೆಗಳು ತೆರೆದವು, ರೋಗ ಹೋಯಿತು. ಫೋನು ಮಾತ್ರ ಕೈಯಲ್ಲಿಯೇ ಉಳಿಯಿತು. ಅತಿಥಿಯಾಗಿ ಬಂದದ್ದು ಮನೆಯ ಯಜಮಾನನಾಗಿ ಕುಳಿತಿತು.

ಈಗ ನಮ್ಮ ದಿನಚರಿಯನ್ನು ನೋಡೋಣ. ಹಳ್ಳಿಯಿಂದ ಬರುವ ಗೆಳೆಯನು ಬಸ್ಸು ಹತ್ತಿದೊಡನೆ ಫೋನು ತೆಗೆಯುತ್ತಾನೆ. ಮೊದಲು ಅದೇ ಬಸ್ಸಿನಲ್ಲಿ ಹುಡುಗರು ಹರಟೆ ಹೊಡೆಯುತ್ತಿದ್ದರು, ಇಲ್ಲವೆ ಪರೀಕ್ಷೆಯ ದಿನಗಳಲ್ಲಿ ನೋಟುಬುಕ್ಕು ತಿರುವುತ್ತಿದ್ದರು ಎಂದು ಹಿರಿಯ ವಿದ್ಯಾರ್ಥಿಗಳು ಹೇಳುತ್ತಾರೆ. ಈಗ ಎಲ್ಲರ ಕೊರಳುಗಳೂ ಬಾಗಿರುತ್ತವೆ. ವರ್ಗದಲ್ಲಿ ಕರಿಹಲಗೆಯ ಮೇಲೆ ಗುರುಗಳು ಬರೆದದ್ದನ್ನು ನಾವು ಬರೆದುಕೊಳ್ಳುವದಿಲ್ಲ, ಚಿತ್ರ ತೆಗೆದುಕೊಳ್ಳುತ್ತೇವೆ. ರಾತ್ರಿ ವಸತಿನಿಲಯದಲ್ಲಿ "ಒಂದೇ ಒಂದು ರೀಲು ನೋಡಿ ಪುಸ್ತಕ ತೆರೆಯೋಣ" ಎಂದು ಮಲಗಿದವನಿಗೆ ಹನ್ನೆರಡು ಹೊಡೆದದ್ದೇ ತಿಳಿಯುವದಿಲ್ಲ. ನಪಾಸಾದ ಮೇಲೆ ಒಂದು ದಿನ ನನ್ನ ಫೋನಿನೊಳಗಿನ ಲೆಕ್ಕವನ್ನು ತೆಗೆದು ನೋಡಿದೆ. ಯಾವ ದಿನ ಎಷ್ಟು ಹೊತ್ತು ನೋಡಿದೆವೆಂಬುದನ್ನು ಆ ಯಂತ್ರವೇ ಬರೆದಿಟ್ಟಿರುತ್ತದೆ. ದಿನಕ್ಕೆ ಸರಾಸರಿ 6 ತಾಸು! ತಿಂಗಳಿಗೆ 180 ತಾಸು. ದಿನಕ್ಕೆ ಎಂಟು ತಾಸಿನ ದುಡಿಮೆಯೆಂದು ಹಿಡಿದರೆ ಇದು 22 ದಿನಗಳಿಗೂ ಹೆಚ್ಚಿನ ದುಡಿಮೆ. ನಮ್ಮ ತಂದೆ ಅಷ್ಟು ದಿನ ಮಗ್ಗದ ಮೇಲೆ ಕುಳಿತರೆ ಮನೆಗೆ ಕೂಲಿ ಬರುತ್ತದೆ. ನಾನು ಅಷ್ಟು ದಿನ ಕುಳಿತು ಗಳಿಸಿದ್ದೇನು?

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. "ಫೋನು ನೋಡಿದ್ದರಿಂದ ಹುಡುಗ ಓದಿನಲ್ಲಿ ಹಿಂದೆ ಬಿದ್ದನೋ, ಓದು ತಲೆಗೆ ಹತ್ತದ್ದರಿಂದ ಫೋನಿಗೆ ಅಂಟಿಕೊಂಡನೋ?" ಎಂದು ಯಾರಾದರೂ ಕೇಳಿದರೆ ಅದು ತಳ್ಳಿಹಾಕುವಂಥ ಪ್ರಶ್ನೆಯಲ್ಲ. ಹೆಚ್ಚು ಫೋನು ನೋಡುವವರು ಕಡಿಮೆ ಅಂಕ ಪಡೆಯುತ್ತಾರೆಂಬ ಮಾತ್ರಕ್ಕೆ ಫೋನೇ ಕಾರಣವೆಂದು ತೀರ್ಪು ಕೊಡಲಾಗದು. ನನ್ನ ಸ್ವಂತದ ಅನುಭವವನ್ನು ಕೆದಕಿ ನೋಡಿದರೆ ಎರಡೂ ನಿಜವೆನಿಸುತ್ತದೆ. ನನ್ನ ಕೈ ಜೇಬಿನ ಕಡೆಗೆ ಹೋಗುತ್ತಿದ್ದುದು ಯಾವಾಗ? ಪಾಠ ಸುಲಭವಾಗಿದ್ದಾಗ ಅಲ್ಲ. ಒಂದು ವಾಕ್ಯ ಅರ್ಥವಾಗದೆ ಮನಸ್ಸು ತಡವರಿಸಿ ನಿಂತಾಗ, ಸರಿಯಾಗಿ ಆ ಗಳಿಗೆಯಲ್ಲಿಯೇ ಕೈ ಫೋನಿಗೆ ಹೋಗುತ್ತಿತ್ತು. ನಮ್ಮಂಥವರ ಮನೆಯಲ್ಲಿ ತಿಳಿಯದ್ದನ್ನು ತಿಳಿಸಿ ಹೇಳುವವರು ಯಾರೂ ಇಲ್ಲ. ಆದ್ದರಿಂದ ಇಂಥ ಗಳಿಗೆಗಳು ನಮಗೆ ಹೆಚ್ಚಾಗಿಯೇ ಬರುತ್ತವೆ. ಆದರೆ ವಿಚಾರಿಸಿ ನೋಡಿದರೆ, ವಿದ್ಯೆ ಎಂಬುದು ಹುಟ್ಟುವದೇ ಆ ಗಳಿಗೆಯಲ್ಲಿ. ತಿಳಿಯದ ವಾಕ್ಯವನ್ನು ಮತ್ತೊಮ್ಮೆ ಓದಿ, ಹಿಂದಿನ ಪುಟ ತಿರುವಿ, ಗೆಳೆಯನನ್ನು ಕೇಳಿ, ಆಮೇಲೆ "ಹಾಂ, ಹೀಗೋ!" ಎಂದುಕೊಳ್ಳುವದೇ ಕಲಿಯುವದು. ಆ ಗಳಿಗೆಯನ್ನೇ ಫೋನು ಕಸಿದುಕೊಂಡರೆ ಉಳಿದ ಹೊತ್ತು ಪುಸ್ತಕದ ಮುಂದೆ ಕುಳಿತೂ ಪ್ರಯೋಜನವಿಲ್ಲ.

ಇಳಕಲ್ಲ ಸೀರೆಯನ್ನು ಬಲ್ಲವರಿಗೆ ಈ ಮಾತು ಬೇಗ ತಿಳಿದೀತು. ಸೀರೆಯ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಇವೆರಡನ್ನೂ ಎಳೆಗೆ ಎಳೆ ಸೇರಿಸಿ ಕೊಂಡಿ ಹಾಕಿಯೇ ಜೋಡಿಸಬೇಕು. ಕೆಂಪು ರೇಶಿಮೆಯ ತೋಪು ತೆನೆಯ ಸೆರಗು ಒಡಲಿಗೆ ಕೂಡಿಕೊಳ್ಳುವದು ಈ ಕೊಂಡಿಯಿಂದಲೇ. ನಮ್ಮ ಮನೆಯಲ್ಲಿ ಅವ್ವ ಈ ಕೆಲಸಕ್ಕೆ ಕುಳಿತಾಗ ಯಾರೂ ಅವಳನ್ನು ಮಾತಾಡಿಸುವದಿಲ್ಲ. ನಡುವೆ ಲಕ್ಷ್ಯ ತಪ್ಪಿದರೆ ಎಳೆ ತಪ್ಪುತ್ತದೆ. ತಪ್ಪಿದ ಎಳೆಯನ್ನು ಹುಡುಕಲು ಮತ್ತಷ್ಟು ಹೊತ್ತು ಹಿಡಿಯುತ್ತದೆ. ನಾವು ಹಿಂದೆ ಕಲಿತದ್ದು ಒಂದು ಹಾಸು; ಇಂದು ಕಲಿಯುವದು ಇನ್ನೊಂದು ಹಾಸು. ಇವೆರಡನ್ನು ಕೊಂಡಿ ಹಾಕುವ ಹೊತ್ತಿನಲ್ಲಿಯೇ ಹತ್ತು ಸಲ ಫೋನು ಕೂಗಿದರೆ ಸೆರಗು ಒಡಲಿಗೆ ಕೂಡೀತು ಹೇಗೆ?

ನಾನು ಹೇಳುವದು ಕೇವಲ ಮನೆಯ ಮಾತಲ್ಲ. 2017ರಲ್ಲಿ ಅಮೇರಿಕೆಯ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಕೆಲವರು ಫೋನನ್ನು ಮೇಜಿನ ಮೇಲೆ, ಕೆಲವರು ಜೇಬಿನಲ್ಲಿ ಇಲ್ಲವೆ ಚೀಲದಲ್ಲಿ, ಉಳಿದವರು ಬೇರೆ ಕೋಣೆಯಲ್ಲಿ ಇಟ್ಟು ಬುದ್ಧಿಯ ಪರೀಕ್ಷೆಗೆ ಕುಳಿತರು. ಫೋನುಗಳ ದನಿಯನ್ನೆಲ್ಲ ಅಡಗಿಸಲಾಗಿತ್ತು. ಆದರೂ ಬೇರೆ ಕೋಣೆಯಲ್ಲಿ ಇಟ್ಟವರು, ಮೇಜಿನ ಮೇಲೆ ಇಟ್ಟವರಿಗಿಂತ ಮೇಲಾಗಿ ಉತ್ತರಿಸಿದರು. ಆಮೇಲೆ ಇಂಥದೇ ಪ್ರಯೋಗ ಮಾಡಿದ ಎಲ್ಲರಿಗೂ ಇದೇ ಫಲ ದೊರೆತಿಲ್ಲವಾದ್ದರಿಂದ ಇದನ್ನು ಕಲ್ಲಿನ ಮೇಲಿನ ಗೆರೆಯೆಂದು ನಾನು ಹೇಳಲಾರೆ. ಆದರೆ ಯುನೆಸ್ಕೋ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ಶಿಕ್ಷಣದ ಜಾಗತಿಕ ವರದಿಯು, ಒಮ್ಮೆ ಚೆದುರಿದ ವಿದ್ಯಾರ್ಥಿಯ ಲಕ್ಷ್ಯವು ಮತ್ತೆ ಪಾಠದಲ್ಲಿ ನೆಲೆಗೊಳ್ಳಲು 20 ನಿಮಿಷಗಳವರೆಗೂ ಬೇಕಾಗಬಹುದೆಂದು ಹೇಳಿದೆ. 2022ರ ಪೀಸಾ ಪರೀಕ್ಷೆಯ ಕಾಲಕ್ಕೆ ಕೇಳಿದಾಗ, ಓಇಸಿಡಿ ದೇಶಗಳ ಹದಿನೈದು ವಯಸ್ಸಿನ ವಿದ್ಯಾರ್ಥಿಗಳಲ್ಲಿ ಸರಾಸರಿ ನೂರಕ್ಕೆ 45 ಜನ, ಫೋನು ಹತ್ತಿರವಿಲ್ಲದಿದ್ದರೆ ತಮಗೆ ಕಳವಳವಾಗುವದೆಂದು ಉತ್ತರಿಸಿದ್ದರು. ನಮ್ಮ ರಾಜ್ಯದಲ್ಲಿಯೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇಂಥ ಗೀಳಿಗೆ ಬಿದ್ದವರ ಸಲುವಾಗಿ 2014ರಲ್ಲಿಯೇ ಒಂದು ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಬೇಕಾಯಿತು. ಅಂದ ಮೇಲೆ ಇದು ಬರಿಯ ಹುಡುಗಾಟಿಕೆಯ ವಿಷಯವಲ್ಲ.

ಹೋದ ವರ್ಷ ನಾವು ಇತಿಹಾಸದ ವಿದ್ಯಾರ್ಥಿಗಳು ಬಾದಾಮಿ, ಐಹೊಳೆಗಳ ಪ್ರವಾಸ ಕೈಕೊಂಡೆವು. ಹುನಗುಂದ ತಾಲೂಕಿನ ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ ರವಿಕೀರ್ತಿಯ ಶಾಸನವಿದೆ. ಕ್ರಿ.ಶ. 634ರ ಆ ಶಾಸನ ಇಮ್ಮಡಿ ಪುಲಿಕೇಶಿಯು ಹರ್ಷನನ್ನು ಸೋಲಿಸಿದ್ದನ್ನು ಸಾರುತ್ತದೆ. ರವಿಕೀರ್ತಿ ತನ್ನ ಕೀರ್ತಿಯನ್ನು ಕಾಳಿದಾಸ-ಭಾರವಿಗಳ ಕೀರ್ತಿಗೆ ಸರಿಸಾಟಿಯೆಂದು ಹೇಳಿಕೊಂಡದ್ದೂ ಅಲ್ಲಿಯೇ. ನಾವೆಲ್ಲ ಗುಡ್ಡ ಹತ್ತಿ ಹೋದೆವು. ಶಾಸನದ ಚಿತ್ರ ತೆಗೆದೆವು, ಶಾಸನದ ಮುಂದೆ ನಮ್ಮ ಚಿತ್ರ ತೆಗೆದೆವು, ಕೆಳಗಿಳಿಯುವ ಮುಂಚೆಯೇ ಆ ಚಿತ್ರಗಳನ್ನು ಊರಿಗೆಲ್ಲ ಹಂಚಿದೆವು. ಸಂಜೆ ಬಸ್ಸಿನಲ್ಲಿ ನಮ್ಮ ಗುರುಗಳು, "ಶಾಸನವನ್ನು ಯಾವ ಭಾಷೆಯಲ್ಲಿ ಬರೆದಿದೆ?" ಎಂದು ಕೇಳಿದರು. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡ ಎಂಬುದನ್ನು ಅವರು ಗುಡಿಯ ಮುಂದೆ ನಿಂತು ಎರಡು ಸಲ ಹೇಳಿದ್ದರು. ಇಡೀ ಬಸ್ಸಿನಲ್ಲಿ ಸರಿಯಾಗಿ ಉತ್ತರ ಕೊಟ್ಟವಳು ಒಬ್ಬಳೇ ಹುಡುಗಿ. ಅವಳ ಹತ್ತಿರ ಫೋನಿರಲಿಲ್ಲ. ಒಂದು ಸಣ್ಣ ವಹಿ ಇತ್ತು. ಉಳಿದವರಲ್ಲಿ ಶಾಸನದ ಚಿತ್ರಗಳಿದ್ದವು. ಚಿತ್ರ ಫೋನಿನಲ್ಲಿದ್ದರೆ ಅದು ತಲೆಯಲ್ಲಿ ಇದ್ದಂತೆಯೇ ಎಂದು ನಾವು ನಂಬಿದ್ದೇವೆ. ಈ ನಂಬಿಕೆಯೇ ನಮ್ಮನ್ನು ಕೆಡಿಸಿದೆ.

ಇನ್ನು ಕೃತಕ ಬುದ್ಧಿಮತ್ತೆಯ ಮಾತು. ಗುರುಗಳು ಬರೆದು ತರಲು ಹೇಳಿದ ಪ್ರಬಂಧವನ್ನು ಈಗ ಚಾಟ್‌ಜಿಪಿಟಿಯಂಥ ಯಂತ್ರ ಅರೆ ನಿಮಿಷದಲ್ಲಿ ಬರೆದು ಕೊಡುತ್ತದೆ. ನಾವು ಅದನ್ನು ನಕಲು ಮಾಡಿ ಒಪ್ಪಿಸುತ್ತೇವೆ. ಮೋಸ ಯಾರಿಗೆ ಆಯಿತು? ಗುರುಗಳಿಗಂತೂ ಆಗಲಿಲ್ಲ, ಅವರು ತಮ್ಮ ಪದವಿಯನ್ನು ಎಂದೋ ಪಡೆದಿದ್ದಾರೆ.

ಆದರೆ ಇಷ್ಟು ಹೇಳಿ, "ಆದ್ದರಿಂದ ಫೋನನ್ನು ಹೊಳೆಗೆ ಎಸೆಯಿರಿ" ಎಂದು ಮುಗಿಸಿದರೆ ನಾನು ಮತ್ತೊಂದು ಸುಳ್ಳು ಹೇಳಿದಂತಾಗುವದು. ನಮ್ಮ ಮನೆಯಲ್ಲಿ ಪಠ್ಯವನ್ನುಳಿದು ಒಂದು ಪುಸ್ತಕವಿಲ್ಲ. ಕನ್ನಡ ಮಾಧ್ಯಮದಲ್ಲಿ ಓದುವವರಿಗೆ ಕೆಲವು ವಿಷಯಗಳಲ್ಲಿ ಒಳ್ಳೆಯ ಗ್ರಂಥಗಳು ದೊರೆಯುವದೇ ಕಷ್ಟ. ಇಂಗ್ಲೀಷಿನ ಶಬ್ದವೊಂದು ಅಡ್ಡ ಬಂದರೆ ಅರ್ಥ ಹೇಳುವ ಅಣ್ಣನಿಲ್ಲ, ಅಕ್ಕನಿಲ್ಲ. ನನಗೆ ಅರ್ಥ ಹೇಳಿದ್ದು ಇದೇ ಫೋನು. ವಿದ್ಯಾರ್ಥಿವೇತನದ ಅರ್ಜಿ ತುಂಬಿದ್ದೂ, ಪರೀಕ್ಷೆಯ ಫಲಿತಾಂಶ ನೋಡಿದ್ದೂ ಇದರಲ್ಲಿಯೇ. ವಿಜಾಪುರದ ಫ. ಗು. ಹಳಕಟ್ಟಿಯವರು ತಾಳೆಗರಿಗಳ ಸಲುವಾಗಿ ಮನೆ ಮನೆ ಅಲೆದು, ವಚನಗಳನ್ನು ಕೂಡಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು. ಅವರು ಆಯುಷ್ಯವನ್ನೇ ಸವೆಯಿಸಿ ಗಳಿಸಿದ ಆ ಸಂಪತ್ತು ಇಂದು ನನ್ನ ಜೇಬಿನಲ್ಲಿದೆ. ಒಂದು ಶಬ್ದವನ್ನು ಒತ್ತಿದರೆ ಅದು ಬಂದ ವಚನಗಳೆಲ್ಲ ಕಣ್ಮುಂದೆ ಸಾಲಾಗಿ ನಿಲ್ಲುತ್ತವೆ. ಇಂಥ ವಸ್ತುವನ್ನು ಕೆಟ್ಟದ್ದೆಂದು ಹೇಗೆ ಅನ್ನಲಿ? ಭಂಡಾರದ ಬೀಗದಕೈ ಕೈಯಲ್ಲಿದ್ದೂ ಬಾಗಿಲಿಗೆ ಹೋಗದೆ, ಆ ಬೀಗದಕೈಯನ್ನೇ ಗಿಲಿಗಿಲಿ ಆಡಿಸುತ್ತ ಕುಳಿತ ಕೂಸಿನಂತಾಗಿದೆ ನಮ್ಮ ಸ್ಥಿತಿ.

ಇನ್ನೊಂದು ಮಾತನ್ನು ಇಲ್ಲಿ ಹೇಳಲೇಬೇಕು. ಫೋನು ಎಲ್ಲರ ಕೈಯಲ್ಲಿದೆ ಎಂದು ನಾವು ಹುಡುಗರು ತಿಳಿದಿದ್ದೇವೆ. ಇದು ತಪ್ಪು. 'ಅಸರ್' ಎಂಬ ಶಿಕ್ಷಣ ಸಮೀಕ್ಷೆಯವರು 2023ರಲ್ಲಿ ದೇಶದ 26 ರಾಜ್ಯಗಳ 28 ಜಿಲ್ಲೆಗಳ ಹಳ್ಳಿಗಳಲ್ಲಿ 14ರಿಂದ 18 ವಯಸ್ಸಿನವರನ್ನು ವಿಚಾರಿಸಿದರು. ಸ್ಮಾರ್ಟ್‌ಫೋನು ಬಳಸಬಲ್ಲವರಲ್ಲಿ ಸ್ವಂತ ಫೋನುಳ್ಳ ಹುಡುಗರು ನೂರಕ್ಕೆ ಸುಮಾರು 44. ಹುಡುಗಿಯರು ಸುಮಾರು 20 ಮಾತ್ರ. ನಮ್ಮ ವರ್ಗದಲ್ಲಿಯೂ ಅಣ್ಣನ ಇಲ್ಲವೆ ತಂದೆಯ ಫೋನನ್ನು ರಾತ್ರಿ ಅರ್ಧ ತಾಸು ಕೇಳಿ ಪಡೆಯುವ ಸೋದರಿಯರಿದ್ದಾರೆ. ಹೀಗಿರಲು ಟಿಪ್ಪಣಿಗಳನ್ನೂ ಸೂಚನೆಗಳನ್ನೂ ವಾಟ್ಸಪ್ಪಿನಲ್ಲಿ ಮಾತ್ರ ಕಳಿಸಿದರೆ ಅವರ ಗತಿಯೇನು? ನಮಗೆ ಫೋನು ಅತಿಯಾಗಿ ಅಜೀರ್ಣ. ಅವರಿಗೆ ಅದಿಲ್ಲದೆ ಉಪವಾಸ. ಒಂದೇ ವರ್ಗದಲ್ಲಿ ಎರಡೂ ರೋಗಗಳಿವೆ. ಒಂದೇ ಔಷಧ ಎರಡಕ್ಕೂ ಹತ್ತಲಾರದು.

ಹಾಗಾದರೆ ಮಾಡುವದೇನು? ಈ ಪ್ರಶ್ನೆ ಬಂದಾಗ ನನಗೆ ನಮ್ಮೂರಿನ ಒಂದು ಜೋಳಿಗೆ ನೆನಪಾಗುತ್ತದೆ. ಇಳಕಲ್ಲ ವಿಜಯ ಮಹಾಂತೇಶ್ವರ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗತೊಡಗಿದರು. ಅವರು ಬೇಡಿದ್ದು ಕಾಳುಕಡಿಯನ್ನಲ್ಲ, ರೊಕ್ಕವನ್ನಲ್ಲ. "ನಿಮ್ಮ ದುಶ್ಚಟಗಳನ್ನು ಇದರಲ್ಲಿ ಹಾಕಿರಿ" ಎಂದು ಬೇಡಿದರು. ಕುಡಿತ, ತಂಬಾಕುಗಳನ್ನು ಎಷ್ಟೋ ಜನ ಆ ಜೋಳಿಗೆಗೆ ಒಪ್ಪಿಸಿ ಹಗುರಾದರು. ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದರು. ಅವರು ಹುಟ್ಟಿದ ಅಗಸ್ಟ್ 1ನ್ನು ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸುತ್ತಾರೆ. ಆ ಜೋಳಿಗೆಯಲ್ಲಿ ನನಗೆ ತಿಳಿದ ಹಿರಿಮೆ ಇದು: ಅದು ಯಾರ ಕೈಯಿಂದಲೂ ಕಸಿದುಕೊಳ್ಳಲಿಲ್ಲ. ಹಾಕುವವನು ತಾನಾಗಿ, ನಾಲ್ಕು ಜನರ ಮುಂದೆ, ತನ್ನ ಕೈಯಿಂದಲೇ ಹಾಕಬೇಕು.

ಮೊಬೈಲನ್ನು ಸಾರಾಯಿಯಂತೆ ಪೂರ್ತಿಯಾಗಿ ಜೋಳಿಗೆಗೆ ಹಾಕಬೇಕೆಂದು ನಾನು ಹೇಳುವದಿಲ್ಲ. ಸಾರಾಯಿಯಲ್ಲಿ ಬಿಡತಕ್ಕದ್ದೇ ಎಲ್ಲ. ಮೊಬೈಲಿನಲ್ಲಿ ಇಟ್ಟುಕೊಳ್ಳತಕ್ಕದ್ದೂ ಇದೆ. ಆದರೆ ದಿನದ ಕೆಲವು ತಾಸುಗಳನ್ನಾದರೂ ಅದರ ಕೈಯಿಂದ ಬಿಡಿಸಿ ತರಬಹುದಲ್ಲವೇ? ಇದಕ್ಕೆ ನಮ್ಮ ಕಾಲೇಜಿನಲ್ಲಿ ಮಾಡಬಹುದಾದ ನಾಲ್ಕು ಕೆಲಸಗಳನ್ನು ವಿನಯದಿಂದ ಸೂಚಿಸುತ್ತೇನೆ. ಮೊದಲನೆಯದಾಗಿ, ಪ್ರತಿ ವರ್ಗದ ಬಾಗಿಲಲ್ಲಿ ಒಂದು ಬುಟ್ಟಿಯನ್ನಿಟ್ಟು, ಪಾಠದ ಹೊತ್ತಿಗೆ ಫೋನುಗಳನ್ನು ಅದರಲ್ಲಿ ಇಡುವ ವಾಡಿಕೆಯನ್ನು ವಿದ್ಯಾರ್ಥಿಗಳೇ ಆರಂಭಿಸಬೇಕು. ಗುರುಗಳೂ ತಮ್ಮದನ್ನು ಅದರಲ್ಲಿಯೇ ಇಟ್ಟರೆ ನಮಗೆ ಇನ್ನಷ್ಟು ಹುರುಪು. ಎರಡನೆಯದಾಗಿ, ಕರಿಹಲಗೆಯ ಚಿತ್ರ ತೆಗೆಯುವದನ್ನು ಬಿಟ್ಟು ಕೈಯಿಂದ ಬರೆದುಕೊಳ್ಳಬೇಕು. ಮೂರನೆಯದಾಗಿ, ವಾಟ್ಸಪ್ಪಿಗೆ ಹೋಗುವ ಪ್ರತಿಯೊಂದು ಸೂಚನೆಯೂ ಟಿಪ್ಪಣಿಯೂ ಸೂಚನಾ ಫಲಕದ ಮೇಲೆ, ಗ್ರಂಥಾಲಯದ ಕಡತದಲ್ಲಿ ದೊರೆಯಬೇಕು. ನಾಲ್ಕನೆಯದಾಗಿ, ಗ್ರಂಥಾಲಯವು ಸಂಜೆ ಎರಡು ತಾಸು ಹೆಚ್ಚು ತೆರೆದಿರಬೇಕು. ಕೈಯಿಂದ ಒಂದನ್ನು ಬಿಡಿಸಿದ ಮೇಲೆ ಆ ಕೈಗೆ ಇನ್ನೊಂದನ್ನು ಕೊಡದಿದ್ದರೆ ಅದು ಹಳೆಯದಕ್ಕೇ ಮರಳುವದು.

ಕೊನೆಗೆ ನನ್ನ ವಿಷಯ. ನಪಾಸಾದ ಆ ಪತ್ರಿಕೆಗೆ ಮತ್ತೆ ಕುಳಿತುಕೊಳ್ಳುವ ಮುಂಚೆ, ಸಂಜೆ ಏಳರಿಂದ ಹತ್ತರವರೆಗೆ ನನ್ನ ಫೋನನ್ನು ವಸತಿನಿಲಯದ ಒಬ್ಬ ಗೆಳೆಯನ ಪೆಟ್ಟಿಗೆಯಲ್ಲಿ ಇಟ್ಟೆ. ಅವನದನ್ನು ನನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡೆ. ಮೊದಲ ವಾರ ಕೈ ತನ್ನಷ್ಟಕ್ಕೆ ತಾನೇ ಬರಿದಾದ ಜೇಬಿಗೆ ಹೋಗುತ್ತಿತ್ತು. ನಾನೇ ನಕ್ಕುಬಿಟ್ಟೆ; ಆಮೇಲೆ ನಾಚಿಕೆಯಾಯಿತು. ಎರಡನೆಯ ವಾರ ಹತ್ತು ಪುಟ ಒಂದೇ ಕುಳಿತಕ್ಕೆ ಓದಿದೆ. ಕೆಲವು ದಿನ ಒಪ್ಪಂದ ಮುರಿದದ್ದೂ ಉಂಟು, ಮುಚ್ಚಿಡುವದೇಕೆ? ಆದರೂ ಪತ್ರಿಕೆ ಪಾಸಾಯಿತು. ಬಂದ ಅಂಕಗಳು ಊರಿಗೆಲ್ಲ ಸಾರುವಷ್ಟೇನೂ ಇರಲಿಲ್ಲ. ಆದರೆ ಅವು ನನ್ನವಾಗಿದ್ದವು.

ಆ ವಾರ ಊರಿಗೆ ಹೋದಾಗ ತಂದೆಗೆ ನಿಜವನ್ನು ಹೇಳಿದೆ. "ಅಪ್ಪಾ, ಆವತ್ತ ಪ್ರಶ್ನಿ ಬಿರಿ ಇರಲಿಲ್ಲ. ನಾನ ಓದಿರಲಿಲ್ಲ. ಫೋನ ನೋಡಕೋತ ಕುಂತಿದ್ದೆ" ಎಂದೆ. ಅವರು ಲಾಳಿಯನ್ನು ನಿಲ್ಲಿಸಿದರು. ಬೈಯುವರೆಂದು ತಲೆತಗ್ಗಿಸಿ ನಿಂತೆ. ಅವರು ಬೈಯಲಿಲ್ಲ. "ಎಳಿ ಹರದ್ರ ಕಟ್ಟಬೇಕಪಾ. ಹರದಿಲ್ಲ ಅಂತ ಮುಂದ ನೇಕೋತ ಹ್ವಾದ್ರ, ಕಡೀಕ ಸೀರಿನ ಕೆಡತೈತಿ" ಎಂದು ಹೇಳಿ ಮತ್ತೆ ಮಗ್ಗಕ್ಕೆ ತಿರುಗಿದರು. ಅವ್ವನ ಬೆಂಡೋಲೆಗಳು ಇನ್ನೂ ಒತ್ತೆಯಿಂದ ಬಿಡಿಸಿ ಬಂದಿಲ್ಲ. ಅವುಗಳನ್ನು ಬಿಡಿಸಿ ತರುವದು ನನ್ನ ಮೇಲಿನ ಋಣ.

ಗೆಳೆಯರೇ, ನಮ್ಮಲ್ಲಿ ಬಹಳ ಜನರ ಮನೆಗಳಲ್ಲಿ ಇಂಥದೇ ಬೆಂಡೋಲೆ, ಇಂಥದೇ ಆಡು-ಕುರಿ, ಇಂಥದೇ ಒಂದು ತುಂಡು ಹೊಲ ನಮ್ಮ ಓದಿನ ಸಲುವಾಗಿ ಕೈಬಿಟ್ಟು ಹೋಗಿರುತ್ತದೆ. ಫೋನು ಕೈಗೆತ್ತಿಕೊಳ್ಳುವಾಗ ಅದನ್ನೊಮ್ಮೆ ನೆನೆಯೋಣ. ನಮ್ಮ ಓದಿನಲ್ಲಿ ಎಳೆ ಹರಿದಿರುವದು ನಿಜ. ಹರಿದಿಲ್ಲವೆಂದು ಹೇಳಿಕೊಳ್ಳುವದು ಬೇಡ. ಇನ್ನೂ ಹೊತ್ತಿದೆ, ಕುಳಿತು ಕಟ್ಟೋಣ.